ಭಾವನವರ ವಾಲ್ವ್ ಆಂಪ್‌ನ ದಿವ್ಯನಾದ

ಪೂಜ್ಯ ಭಾವನವರ ಸನ್ನಿಧಿಗೆ,

"ನಿನ್ನ ಡಿಜಿಟಲ್ ಡಬ್ಬದಲ್ಲಿ ಜೀವಾನೇ ಇಲ್ಲ ಕಣೋ" ಎಂದು, ಆಂಪ್‌ನ ನಾದವನ್ನು ಚಿಪ್‌ನಿಂದಲೇ ಅನುಕರಿಸುವ ನನ್ನ ಪುಟ್ಟ ಯಂತ್ರವನ್ನು ಹಳಿದು, ನನ್ನನ್ನು ವಾದ್ಯತಂಡದಿಂದ ಹೊರಗಟ್ಟಿದಿರಿ. ನಿನ್ನೆ ಕಾರ್ಯಕ್ರಮಕ್ಕೆ ಮುಂಚೆ ನಿಮ್ಮ ಹಳೆಯ ಗಿಟಾರ್ ಆಂಪ್ಲಿಫೈಯರ್‌ನ ವಾಲ್ವ್‌ಗಳು, ಆ ಗಾಜಿನ ಕೊಳವೆಗಳು, ಬಿಸಿಯಾಗಿ ಕೆಂಪಗೆ ಬೆಳಗಲೆಂದು ಭಕ್ತಿಯಿಂದ ಕಾದು ಕುಳಿತಿರಿ. ಆಮೇಲೆ ಗಿಟಾರ್ ಮೀಟಿ, "ಕೇಳಿ, ಇದಪ್ಪಾ ವಾಲ್ವ್ ನಾದ! ಆ ಡಬ್ಬದಿಂದ ಬರುತ್ತಾ?" ಎಂದು ಮೈಕಿನಲ್ಲೇ ಸವಾಲು ಹಾಕಿದಿರಿ.

ಬಂತು, ಭಾವ. ನಿಮ್ಮ ಆಂಪ್‌ನ ಹೊಟ್ಟೆಯೊಳಗೆ ಕೂತು ನುಡಿದದ್ದು ನನ್ನ ಡಬ್ಬವೇ. ಒಳಗೆ ಕೆಂಪಗೆ ಬೆಳಗಿದ್ದು ಅಕ್ಕ ಕೊಟ್ಟ ಪುಟ್ಟ ದೀಪ. ವಾಲ್ವ್‌ಗಳು ಅವಳ ಬೀರುವಿನಲ್ಲಿ ಕ್ಷೇಮವಾಗಿವೆ.

ಭಾನುವಾರದ ಅಭ್ಯಾಸಕ್ಕೆ ಡಬ್ಬವನ್ನು ನೀವೇ ಹೊತ್ತು ತಂದು, ನನ್ನ ಜಾಗದಲ್ಲಿಟ್ಟು, ಎಲ್ಲರೆದುರು "ಬಾರಪ್ಪ, ಕೂತ್ಕೋ" ಎನ್ನತಕ್ಕದ್ದು. ಇಲ್ಲದಿದ್ದರೆ ನಿಮ್ಮ ಸವಾಲಿಗೆ ಉತ್ತರವನ್ನು ನಾನೂ ಮೈಕಿನಲ್ಲೇ ಕೊಡುತ್ತೇನೆ.

ಸದಾ ನಿಮ್ಮ ಏಳಿಗೆಯನ್ನೇ ಬಯಸುವ,
ಭಾಮೈದ