ಎರಡು ಸಲ ಎಣಿಸಿದವರು

ಜನವರಿ 8, ಬೆಳಗ್ಗೆ 11
ಹನ್ನೊಂದನೆಯ ಅಧ್ಯಯನವೂ ನನ್ನ ಲೆಕ್ಕದ ಟೇಬಲ್ಲಿಗೆ ಸೇರಿತು. ಸೋರುವ ಹೃದಯ ಕವಾಟಕ್ಕೆ ಮಾತ್ರೆ. ಬಿಡಿಬಿಡಿಯಾಗಿ ಒಂದಕ್ಕೂ ದಮ್ಮಿಲ್ಲ. ಒಟ್ಟು ಹಾಕಿದರೆ ಮಾತ್ರೆ ಗೆಲ್ಲುತ್ತದೆ. ಬಾಸ್ ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಇದೇ ನೋಡಮ್ಮ ಮೆಟಾ-ಅನಾಲಿಸಿಸ್! ಒಬ್ಬೊಬ್ರೇ ಗೊಣಗಿದ್ರೆ ಯಾರಿಗೆ ಕೇಳಿಸುತ್ತೆ?"

ಏಪ್ರಿಲ್ 19
ಲೇಖನ ಅಚ್ಚಾಗಿ ಒಂದು ವಾರ. ಅಕ್ಕನ ಕವಾಟವೂ ಸೋರುತ್ತಿದೆ. ಆಪರೇಷನ್ ಇಲ್ಲವೇ ಮಾತ್ರೆ, ಯೋಚಿಸಿ ಹೇಳಿ ಅಂದರಂತೆ ಡಾಕ್ಟರು. ಅಕ್ಕನಿಗೆ ಕತ್ತರಿ ಅಂದರೆ ಜೀವ ಹೋಗುತ್ತದೆ.
"ನೀನು ಹೂಂ ಅಂದ್ರೆ ಮಾತ್ರೆ ಕಣೇ."
ಹೂಂ ಅಂದೆ. ಹನ್ನೊಂದು ಕಡೆ ನೋಡಿದ್ದಾರೆ ಅಂದೆ. ಜಂಬದಿಂದಲೇ ಅಂದೆ.
"ಅದ್ರಲ್ಲಿ ನನ್ನ ಥರ ಸಕ್ಕರೆ ಕಾಯಿಲೆಯವ್ರು ಎಷ್ಟು ಜನ?"
ಗೊತ್ತಿರಲಿಲ್ಲ. ಸರಾಸರಿ ಅಂತ ಏನೋ ಹೇಳಿ ಬಾಯಿ ಮುಚ್ಚಿಸಿದೆ.

ಸೆಪ್ಟೆಂಬರ್ 8
ಹೊಸಬರಿಗೆ ಪಾಠ ಮಾಡಲು ಹಳೇ ಟೇಬಲ್ ತೆರೆದೆ. ನಾಲ್ಕನೇ ಸಾಲು, ಏಳನೇ ಸಾಲು. ಬೇರೆ ಪತ್ರಿಕೆ, ಬೇರೆ ವರ್ಷ. ಸರಾಸರಿ ವಯಸ್ಸು ಎರಡರಲ್ಲೂ 61.4. ಹೆಂಗಸರು 88. ಸಿಗರೇಟು ಸೇದುವವರು 39... ಎರಡೂ ಲೇಖನ ಪಕ್ಕಪಕ್ಕ ಇಟ್ಟು ಓದಿದೆ.
ಅದೇ ಆಸ್ಪತ್ರೆ, ಅದೇ 214 ರೋಗಿಗಳು. ಒಂದು ಆರು ತಿಂಗಳ ವರದಿ, ಮತ್ತೊಂದು ಹನ್ನೆರಡು ತಿಂಗಳಿನದು. ಲೇಖಕರ ಹೆಸರುಗಳನ್ನು ಹಿಂದೆ ಮುಂದೆ ಮಾಡಿದ್ದಾರೆ, ಅಷ್ಟೇ. ಎರಡು ಅಂತ ಎಣಿಸಿದವಳು ನಾನು. ಇದ್ದುದರಲ್ಲಿ ದೊಡ್ಡ ಅಧ್ಯಯನವೂ ಅದೇ.
ಒಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಮಾತ್ರೆಯಿಂದ ಉಪಯೋಗ ಇದೆಯೋ ಇಲ್ಲವೋ, ಹೇಳಲು ಬರುವುದಿಲ್ಲ.

ಸೆಪ್ಟೆಂಬರ್ 9
ಬಾಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನೂ ಸಹಿ ಹಾಕಿದೀನಲ್ಲಮ್ಮ. ತಿದ್ದುಪಡಿ ಇವತ್ತೇ ಕಳ್ಸು."

ಸೆಪ್ಟೆಂಬರ್ 21
ಪತ್ರಿಕೆಗೆ ಎರಡು ಪುಟ ಬರೆಯಲು ಬಂತು. ಅಕ್ಕನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಫೋನ್ ಮಾಡಿ, ಭಾವನ ಮಂಡಿನೋವು ವಿಚಾರಿಸಿ ಇಟ್ಟುಬಿಟ್ಟೆ. ಹೇಡಿ ನಾನು.

ಅಕ್ಟೋಬರ್ 2, ಮಧ್ಯಾಹ್ನ, ಆಸ್ಪತ್ರೆ ಕಾರಿಡಾರ್
ಅಕ್ಕನ ಕಾಲೆಲ್ಲ ಊದಿದೆ. ಎರಡು ದಿಂಬು ಇಟ್ಟರೂ ಉಸಿರಿಗೆ ಒದ್ದಾಡುತ್ತಾಳೆ. ಡಾಕ್ಟರು ಹೊರಗೆ ಕರೆದು ಹೇಳಿದರು, "ಆಪರೇಷನ್ ತಡ್ಕೊಳ್ಳೋ ಶಕ್ತಿ ಈಗ ಹೃದಯಕ್ಕಿಲ್ಲ. ಆರು ತಿಂಗಳ ಹಿಂದೆ ಆಗಿದ್ರೆ..."
ಮೊದಲೇ ಆಪರೇಷನ್ ಆಗಿದ್ದರೂ ಹೀಗೇ ಆಗುತ್ತಿತ್ತೇನೋ. ಅದನ್ನು ಯಾವ ಟೇಬಲ್ಲೂ ಹೇಳುವುದಿಲ್ಲ. ಅದರ ಹಿಂದೆ ಬಚ್ಚಿಟ್ಟುಕೊಳ್ಳಲು ನಾಚಿಕೆ.
ಒಳಗೆ ಹೋದೆ. ಪಕ್ಕದ ಬೆಡ್ಡಿನ ಹೆಂಗಸಿಗೂ ಕವಾಟದ್ದೇ ತೊಂದರೆ. ನಾಳೆ ಆಪರೇಷನ್, ಭಯ. ಅಕ್ಕ ಏದುಸಿರಿನಲ್ಲೇ ಅವರಿಗೆ ನನ್ನನ್ನು ತೋರಿಸಿದಳು: "ಇವ್ಳೇ ನನ್ ತಂಗಿ. ಕತ್ತರಿ ಬೇಡ, ಮಾತ್ರೆ ಸಾಕು ಅಂತ ಹೇಳಿದ್ದು ಇವ್ಳೇ. ಕೇಳ್ಕೊಳಿ."
ಅವರು ನನ್ನ ಕೈ ಹಿಡಿದುಕೊಂಡರು. "ಹೌದಾ ತಾಯಿ? ನಾನೂ ಬೇಡ ಅಂದುಬಿಡ್ಲಾ?"
ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತ ಅವರಿಗೆ ಹೇಳಿದೆ, "ಬೇಡ ಅನ್ಬೇಡಿ ಅಮ್ಮ, ನಾನು ಲೆಕ್ಕ ತಪ್ಪಿದ್ದೆ."