ಫ್ಲೆಕ್ಸಿನಲ್ಲಿರುವ ಸ್ವಾತಿ ನಾನಲ್ಲ

ಚಿತ್ರದುರ್ಗ
12 ಫೆಬ್ರುವರಿ 2025

ಅವ್ವಾ,

ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಅಳುತ್ತೀಯ, ಇಲ್ಲವೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಮೊದಲು ಒಬ್ಬಳೇ ಕೂತು ಓದು, ಅಪ್ಪನಿಗೆ ಆಮೇಲೆ ಹೇಳು.

ಜಯಶೀಲಾಳ ಮದುವೆಗೆ ಬರಬೇಡ ಎಂದೆಯಲ್ಲ, ಬರುತ್ತೇನೆ. ಮಾವನ ಮಗಳ ಮದುವೆಗೆ ತಾಳ್ಯಕ್ಕೆ ಬರಲು ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. "ಇಂಗ್ಲೆಂಡಿನಾಗೆ ಇದಾಳೆ ಅಂತ ಊರಿಗೆಲ್ಲ ಹೇಳೀನಿ, ಈಗ ನೀನು ಬಂದು ನಿಂತ್ರೆ ಮುಖ ಎಲ್ಲಿ ಇಟ್ಕಳ್ಳಿ?" ಎಂದೆ. ದೀಪಾವಳಿಗೂ ಬರಬೇಡ, ಓದಿಕೋ ಎಂದದ್ದು ಯಾಕೆಂದು ಈಗ ಅರ್ಥವಾಯಿತು.

ಎರಡು ವರ್ಷದ ಹಿಂದೆ ಇಲ್ಲಿನ ಹೋಟೆಲೊಂದರಲ್ಲಿ ವಿದೇಶಿ ಶಿಕ್ಷಣ ಮೇಳ ನಡೆದಾಗ ನಾನೂ ಹೋಗಿದ್ದೆ. ಮಣ್ಣಿನ ಬಗ್ಗೆ ಓದಬೇಕು ಎಂದರೆ ಮೇಳ ನಡೆಸುವ ಏಜೆನ್ಸಿಯ ಶ್ರೀನಿವಾಸ್ ಬಿಸಿನೆಸ್ ಕೋರ್ಸನ್ನೇ ಮುಂದಿಟ್ಟರು. ಅದಕ್ಕೆ ಮಕ್ಕಳನ್ನು ಕಳಿಸಿದರೆ ವಿಶ್ವವಿದ್ಯಾಲಯದವರು ಅವರಿಗೆ ಹೆಚ್ಚು ಕಮಿಷನ್ ಕೊಡುತ್ತಾರಂತೆ. ನಾನು ಒಪ್ಪಲಿಲ್ಲ, ಇಲ್ಲೇ ಎಂ.ಎಸ್ಸಿ. ಸೇರಿದೆ. ಆದರೆ ಆವತ್ತು ಹುಡುಗಿಯರಿಗೆಲ್ಲ ಕರಿ ಗೌನು, ಟೋಪಿ ಹಾಕಿಸಿ ಫೋಟೋ ತೆಗೆದಿದ್ದರು. ಅದೇ ಫೋಟೋ ಕಳೆದ ವರ್ಷ ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸಾಗಿ ಎದ್ದು ನಿಂತಿತು: "ತಾಳ್ಯದ ಕುರಿಗಾಹಿಯ ಮಗಳು ಸ್ವಾತಿ ಈಗ ಇಂಗ್ಲೆಂಡಿನಲ್ಲಿ! ನೀವು ಯಾವಾಗ?" ದಿನಾ ಅದರ ಕೆಳಗೇ ನಾನು ಸಿಟಿ ಬಸ್ಸಿಗೆ ಕಾಯುತ್ತಿದ್ದೆ. ತೆಗೆಸಿ ಎಂದು ಕೇಳಲು ಹೋದರೆ ಶ್ರೀನಿವಾಸ್ ನಕ್ಕು ಟೀ ತರಿಸಿದರು.

ಕಳೆದ ಭಾನುವಾರ ಮತ್ತೆ ಅದೇ ಹೋಟೆಲಿನಲ್ಲಿ ಮೇಳವಿತ್ತು. ಈ ಸಲ ಎಲ್ಲರೆದುರೇ ಕೇಳೋಣ ಎಂದು ಹೋದೆ. ಬಾಗಿಲಲ್ಲಿ ಹೊರಕೆರೆದೇವಪುರದ ಮುರುಗಪ್ಪ ಎನ್ನುವವರು ಮಗಳು ಅಂಜಲಿಯ ಜೊತೆ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಫ್ಲೆಕ್ಸಿನ ಹುಡುಗಿ ಅಲ್ಲೇನಮ್ಮ ನೀನು? ಇಂಗ್ಲೆಂಡಿಂದ ಯಾವಾಗ ಬಂದೆ? ನಮ್ಮಂಗೆ ಕುರಿ ಸಾಕೋರ ಮಗಳೇ ಹೋಗ್ಯಾಳೆ ಅಂದ್ಮೇಲೆ ಇವಳು ಯಾಕೆ ಹೋಗಬಾರದು ಅಂತ ಬಂದೀವಿ. ಹಿಂಡು ಮಾರಾಕೂ ತಯಾರಿದೀನಿ."

ನೆಟ್ಟಗೆ ವೇದಿಕೆ ಹತ್ತಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯದಿಂದ ಬಂದ ಹೆಂಗಸು ಮಾತಾಡುತ್ತಿದ್ದಳು. ಅವಳ ಭಾಷೆಯಲ್ಲೇ ಅವಳಿಗೆ ವಿಷಯ ತಿಳಿಸಿ, ಮೈಕು ಹಿಡಿದು ಜನರ ಕಡೆ ತಿರುಗಿದೆ.

"ಆ ಫೋಟೋದಾಗೆ ಇರೋಳು ನಾನೇ. ನಾನು ಒಂದು ದಿನಾನೂ ಇಂಗ್ಲೆಂಡಿಗೆ ಹೋಗಿಲ್ಲ, ದುರ್ಗದಾಗೇ ಓದ್ತಾ ಇದೀನಿ. ಹೊರದೇಶಕ್ಕೆ ಹೋಗಬ್ಯಾಡ್ರಿ ಅಂತ ಹೇಳ್ತಿಲ್ಲ. ನಿಮಗೆ ಬೇಕಾಗಿದ್ದು ಅಲ್ಲಿ ಐತೆ ಅಂದ್ರೆ ಹೋಗ್ರಿ. ನನ್ನ ಮುಖ ನೋಡಿ ಮಾತ್ರ ಹೋಗಬ್ಯಾಡ್ರಿ."

ಶ್ರೀನಿವಾಸ್ ಓಡಿಬಂದು ಮೈಕು ಕಿತ್ತುಕೊಂಡರು. "ಒಂದು ಫೋಟೋಗೆ ಇಷ್ಟು ರಾದ್ಧಾಂತ ಯಾಕಮ್ಮ? ನಿಮ್ಮೂರಿಗೇ ಹೆಸರಲ್ವಾ?" ಎಂದರು. ಊರಿಗೆ ಹೆಸರು ಬರುವುದಾದರೆ ನಾನು ನಿಜವಾಗಿ ಓದಿದ್ದರಿಂದ ಬರಲಿ ಎಂದೆ. ಮೈಕಿಲ್ಲದೆಯೂ ಹಿಂದಿನ ಸಾಲಿನವರೆಗೆ ಕೇಳಿಸಿತು, ಅವ್ವ. ಗುಡ್ಡದ ಮೇಲಿನ ಕುರಿಗಳನ್ನು ಕೂಗಿ ಬೆಳೆದ ಗಂಟಲಲ್ಲವೇ!

ಆ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ಶ್ರೀನಿವಾಸರನ್ನು ಪಕ್ಕಕ್ಕೆ ಕರೆದೊಯ್ದಳು. ಮುರುಗಪ್ಪ ನೋಂದಣಿ ಮೇಜಿನ ಮೇಲೆ ಇಟ್ಟಿದ್ದ ಮಗಳ ಅಂಕಪಟ್ಟಿಗಳನ್ನು ವಾಪಸ್ ಎತ್ತಿಕೊಂಡರು. ಅಂಜಲಿ ನನ್ನ ನಂಬರು ಕೇಳಿದಳು. ಅವಳಿಗೆ ನರ್ಸಿಂಗ್ ಓದುವ ಆಸೆ. ಏಜೆನ್ಸಿಯವರು ತೋರಿಸಿದ್ದು ಹೋಟೆಲ್ ಕೋರ್ಸು. ಮರುದಿನ ಬೆಳಿಗ್ಗೆ ಫ್ಲೆಕ್ಸು ಇರಲಿಲ್ಲ, ಕಟ್ಟಿಗೆಯ ಚೌಕಟ್ಟು ಮಾತ್ರ ನಿಂತಿತ್ತು.

ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ "ದುರ್ಗದಾಗೆ ಎಂ.ಎಸ್ಸಿ. ಓದ್ತಾಳೆ" ಎನ್ನು. ತಲೆ ಎತ್ತಿಕೊಂಡೇ ಹೇಳು. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ.

ನಿನ್ನ ಹಟಮಾರಿ ಮಗಳು,
ಸ್ವಾತಿ

ಮರೆತಿದ್ದೆ: ಶ್ರೀನಿವಾಸ್ ಆವತ್ತು ಎಲ್ಲರ ಮುಂದೆ, "ಫೋಟೋ ಹಾಕ್ಕಳ್ರಿ ಅಂತ ಇವರ ತಾಯೀನೇ ಫೋನಿನಲ್ಲಿ ಒಪ್ಪಿದ್ರು" ಎಂದರು. ಅದು ನಿಜವೆಂದು ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. "ನಮ್ಮವ್ವ ಹಂಗೆ ಹೇಳೋಳಲ್ಲ" ಎಂದುಬಿಟ್ಟೆ. ಆವತ್ತು ನಾನು ಹೇಳಿದ ಸುಳ್ಳು ಅದೊಂದೇ.