ಮುನಿಯಪ್ಪನ ತೀರ್ಥ

ಅರಿಶಿನಕುಂಟೆ
೧೪–೧೧–೨೦೨೪, ಗುರುವಾರ

ಪ್ರೀತಿಯ ತಮ್ಮ ಗೋವಿಂದರಾಜುವಿಗೆ ನಿನ್ನ ಅಕ್ಕ ಮುನಿವೆಂಕಟಮ್ಮ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೈ ನಡುಕ ಪೂರ್ತಿ ನಿಂತಿತೆ? ನಿದ್ದೆ ಬರುತ್ತದೆಯೆ? ಹೋದ ಸಲ ಜೈಲಿಗೆ ನೋಡಲು ಬಂದಾಗ ಜಾಲರಿಯ ಆಚೆ ನಿನ್ನ ಕೆನ್ನೆ ತುಂಬಿಕೊಂಡಿದ್ದನ್ನು ಕಂಡು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿ ಕೂತಿದ್ದವಳು ಯಾರು ಹೋಗಿಬಿಟ್ಟರಮ್ಮ ಅಂತ ಕೇಳಿದಳು. ಹೋಗಿದ್ದವನು ವಾಪಸು ಬರ್ತಾ ಇದ್ದಾನೆ ಅಂದೆ. ಇಲ್ಲಿ ಮಂಡಿ ನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಹಸು ಕರು ಹಾಕಿದೆ. ನಿನ್ನ ಮಗಳು ಅಕ್ಷತ ಒಂಬತ್ತನೇ ಕ್ಲಾಸು, ಅಪ್ಪನ ಹಾಗೇ ಮೊಂಡಿ. ಕವಿತ ಹೈವೇ ಪಕ್ಕದ ಗೋಡೌನಿನಲ್ಲಿ ಡಬ್ಬಗಳಿಗೆ ಟೇಪು ಅಂಟಿಸಿ ಅಂಟಿಸಿ ಬೆರಳು ಸವೆಸಿಕೊಂಡು ಸಂಸಾರ ತೂಗಿಸುತ್ತಿದ್ದಾಳೆ. ಅಂಥ ಹೆಂಡತಿ ನಿನಗೆ ಸಿಕ್ಕಿದ್ದು ನಮ್ಮ ಅಮ್ಮನ ಪುಣ್ಯ, ನಿನ್ನದಲ್ಲ.

ಕಾರ್ತಿಕ ಮಾಸ, ದಿನಾ ಸಂಜೆ ದೀಪ ಹಚ್ಚುತ್ತೇನೆ. ಆದರೂ ಎದೆಯೊಳಗಿನ ಸಿಟ್ಟು ತಣ್ಣಗಾಗುತ್ತಿಲ್ಲ. ಈ ಕಾಗದವನ್ನು ನಿನ್ನ ಕೈಗೆ ಕೊಡುವ ಮೊದಲು ಜೈಲಿನ ಸಾಹೇಬರು ಒಡೆದು ಓದುತ್ತಾರಂತೆ. ಓದಲಿ. ಅವರಿಗೂ ಇದರಲ್ಲಿ ಪಾಲಿದೆ.

ಹೋದ ಭಾನುವಾರ ಆದಿನಾರಾಯಣಣ್ಣ ಬಂದಿದ್ದ. ನಮ್ಮ ಒಡಹುಟ್ಟಿದವನಲ್ಲದಿದ್ದರೆ ಪೊರಕೆ ತಗೊಂಡು ಅಟ್ಟುತ್ತಿದ್ದೆ. ಬರುವ ಬುಧವಾರವಲ್ಲ, ಅದರಾಚೆಯ ಬುಧವಾರ ನಿನ್ನ ಶಿಕ್ಷೆ ಮುಗಿದು ಬಿಡುಗಡೆ ಅಂತ ಅವನಿಗೆ ಗೊತ್ತಾಗಿದೆ. ಕಾರಿಗೆ ಹೂವಿನ ಹಾರ, ಜೈಲಿನ ಗೇಟಿಗೆ ಪಟಾಲಂ, ಅಲ್ಲಿಂದ ನೇರ ನಮ್ಮ ಮುನಿಯಪ್ಪನ ಗುಡಿಗೆ. ಹರಕೆ ಕಟ್ಟಿಕೊಂಡಿದ್ದಾನಂತೆ, ಮರಿ ಕಡಿದು ಬಾಟಲಿ ಒಪ್ಪಿಸುತ್ತೇನೆ ಅಂತ. ಹೋದ ಸಲ ಆದದ್ದು ಸಾಲದೆ ಅಂದೆ. “ಲೇ ಮುನ್ನೀ, ನಮ್ ಹುಡುಗನ್ನ ಕಳ್ಳನ ತರ ಸದ್ದಿಲ್ದೆ ಕರ್ಕೊಂಡ್ ಬರಕ್ಕಾಗ್ತದೇನೇ? ನಾಲ್ಕು ಜನ ನೋಡ್ಬೇಕು” ಅಂದ. ನಾಲ್ಕು ಜನ! ನೀನು ಬಾರಿನ ಮುಂದೆ ಬಿದ್ದಿದ್ದಾಗ ಆ ನಾಲ್ಕು ಜನ ನೋಡಿಕೊಂಡೇ ಹೋದರಲ್ಲ.

ಹೋದ ಸಲ ಜಾಮೀನಿನ ಮೇಲೆ ಬಂದೆಯಲ್ಲ, ಆ ದಿನ ನನಗೆ ಮರೆಯುವುದಿಲ್ಲ ಗೋವಿಂದ. ಕುಡಿದ ಮತ್ತಿನಲ್ಲಿ ಜೊತೆಗೆ ಕುಡಿಯುತ್ತಿದ್ದ ಜಯಕುಮಾರನ ತಲೆ ಒಡೆದು ಒಳಗೆ ಹೋದವನು, ಜೈಲಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಮನುಷ್ಯನಾಗಿ ಹೊರಗೆ ಬಂದಿದ್ದೆ. ಇದೇ ಗುಡಿಯಲ್ಲಿ ಬಾಟಲಿಯ ಮುಚ್ಚಳ ತೆಗೆದು ದೇವರ ಪಾದಕ್ಕೆ ಸುರಿದು ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ನಿನ್ನ ಮುಂದೆ ಹಿಡಿದರು. ನೀನು ಹಿಂದಕ್ಕೆ ಸರಿದೆ. ಬೇಡಣ್ಣ, ಮಾತ್ರೆ ತಗೋತಿದ್ದೀನಿ ಅಂದೆ. ನಾನು ಹೆಂಗಸರ ಸಾಲಿನಲ್ಲಿ ನಿಂತು ಕಿವಿಯಾರೆ ಕೇಳಿದೆ. ಅದಕ್ಕೆ ಅಣ್ಣ, “ಇದು ಕುಡಿಯೋದಲ್ಲ ಕಣೋ, ತೀರ್ಥ. ಮುನಿಯಪ್ಪನ್ನೇ ಬೇಡ ಅಂತೀಯಾ?” ಅಂದ. ದೇವರ ಹೆಸರು ಬಂತಲ್ಲ, ನೀನು ಕಣ್ಣಿಗೊತ್ತಿಕೊಂಡು ಕುಡಿದೆ. ಹೊತ್ತು ಮುಳುಗುವಷ್ಟರಲ್ಲಿ ಸರ್ವಿಸ್ ರೋಡಿನ ಬಾರಿನಲ್ಲಿದ್ದೆ. ಆಮೇಲೆ ಕೋರ್ಟಿನ ದಿನ ತಪ್ಪಿತು, ವಾರಂಟು ಬಂತು, ಪೊಲೀಸರು ಬಂದರು. ತೀರ್ಥ ಕೊಟ್ಟ ಒಬ್ಬನೂ ಕವಿತಳ ಜೊತೆ ಸ್ಟೇಷನ್ನಿಗೆ ಬರಲಿಲ್ಲ.

ಬರೀ ಅಣ್ಣನನ್ನು ಬೈದರೆ ನ್ಯಾಯವಲ್ಲ. ಮಾತ್ರೆ ತಗೋತಿದ್ದೀನಿ ಅಂದೆಯಲ್ಲ, ಅವತ್ತು ನಿನ್ನ ಜೇಬಿನಲ್ಲಿ ಮಾತ್ರೆ ಎಲ್ಲಿತ್ತು? ಹಳೇ ಪ್ಯಾಂಟು, ಒಂದು ಜೊತೆ ಚಪ್ಪಲಿ, ಇನ್ನು ಮೇಲೆ ಒಳ್ಳೆಯವನಾಗಿರು ಅನ್ನೋ ಬುದ್ಧಿಮಾತು, ಇಷ್ಟೇ ಕೊಟ್ಟು ಜೈಲಿನವರು ಗೇಟು ಹಾಕಿಕೊಂಡರು. ಮೊನ್ನೆ ದೊಡ್ಡಾಸ್ಪತ್ರೆಗೆ ಹೋಗಿ ಚಟ ಬಿಡಿಸುವ ಡಾಕ್ಟರಮ್ಮನ ಹತ್ತಿರ ಕೂತೆ. “ಇದು ಕೊಬ್ಬಲ್ಲಮ್ಮ, ಕಾಯಿಲೆ. ಸಕ್ಕರೆ ಕಾಯಿಲೆ ಇದ್ದ ಹಾಗೆ” ಅಂದರು. ಹಾಗಾದರೆ ಸಕ್ಕರೆ ಕಾಯಿಲೆಯವನಿಗೆ ಮಾತ್ರೆ ಕೊಟ್ಟು ಕಳಿಸುತ್ತೀರಿ, ನನ್ನ ತಮ್ಮನಿಗೆ ಯಾಕೆ ಬುದ್ಧಿಮಾತು ಕೊಟ್ಟು ಕಳಿಸಿದಿರಿ ಅಂದೆ. ಪಾಪ, ಒಳ್ಳೆಯ ಹೆಂಗಸು. ಜೈಲಿನಿಂದ ಬಂದ ಮೊದಲ ಕೆಲವು ವಾರವೇ ಕಷ್ಟ, ಹಳೇ ಜಾಗ ಹಳೇ ಜನ ಕಂಡ ಕೂಡಲೇ ಆಸೆ ಹೆಡೆ ಎತ್ತುತ್ತದೆ, ಆಗಲೇ ಕೈ ಹಿಡಿಯಬೇಕು ಅಂತ ಹೇಳಿದರು. ನಿನ್ನ ಹಳೆಯ ರಿಪೋರ್ಟು ನೋಡಿ, ಇನ್ನೊಂದು ಸಲ ಶುರುವಾದರೆ ಲಿವರ್ ತಡೆಯಲ್ಲಮ್ಮ ಅಂತಲೂ ಹೇಳಿದರು. ನಿನಗೆ ಮುಚ್ಚಿಡುವುದಿಲ್ಲ. ನೀವೇ ಒಬ್ಬರನ್ನು ಜೈಲಿಗೆ ಕಳಿಸಿ ಮೊದಲೇ ಮಾತಾಡಿಸಬಾರದೆ ಅಂತ ಕೇಳಿದೆ. ಅದಕ್ಕೆಲ್ಲ ವ್ಯವಸ್ಥೆ ಆಗಬೇಕು ಅಂದರು. ನನ್ನ ತಮ್ಮ ಇನ್ನೆರಡು ವಾರಕ್ಕೆ ಬರ್ತಾನೆ, ನಿಮ್ಮ ವ್ಯವಸ್ಥೆ ಯಾವಾಗ ಬರ್ತದೆ ಅಂದೆ. ಆದರೂ ಆ ದಿನ ಎಷ್ಟು ಹೊತ್ತಾದರೂ ಕಾಯುತ್ತೇನೆ ಅಂತ ಮಾತು ಕೊಟ್ಟಿದ್ದಾರೆ.

ಅಲ್ಲಿಂದ ಬಂದವಳೇ ಗುಡಿಗೆ ಹೋದೆ. ಮರಿ ಕಡಿಯಲಿ, ಊರು ಉಣ್ಣಲಿ, ಬಾಟಲಿಯ ಬದಲು ಎಳನೀರು ಒಪ್ಪಿಸುತ್ತೇನೆ ಅಂದೆ. ಪೂಜಾರಿ ಸೊಣ್ಣಪ್ಪ ತಲೆ ಕೆರೆದುಕೊಂಡು, “ಉಗ್ರದ ದೇವ್ರಕ್ಕಾ, ಎಣ್ಣೆ ಇಲ್ದೆ ಒಪ್ಪಲ್ಲ” ಅಂದ. ಒಪ್ಪದೇ ಇರೋನು ಅವನೋ ನೀನೋ ಅಂತ ಕೇಳಿದೆ. ಅವನು ನಗಲಿಲ್ಲ. ಹೂವು ಕೇಳು ಅಂದ. ದೇವರ ಕಲ್ಲಿಗೆ ಸೇವಂತಿಗೆ ಅಂಟಿಸಿ ಕಣ್ಣು ಮುಚ್ಚಿ ನಿಂತೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ನಿನ್ನ ಮದುವೆಗೂ ಅಮ್ಮ ಹೀಗೇ ಕೇಳಿದ್ದಳು.

ಹೂವು ಎಡಕ್ಕೆ ಬಿತ್ತು.

ಹುಟ್ಟಿದಾಗಿನಿಂದ ಆ ದೇವರ ಹೆಸರು ಹೊತ್ತವಳು ನಾನು. ಅವನ ಅಪ್ಪಣೆ ಇಲ್ಲದೆ ಒಂದು ದನದ ಕೊಟ್ಟಿಗೆ ಕಟ್ಟಿಸಿದವಳಲ್ಲ. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ. “ನಿನಗೆ ಬೇಕೇ ಬೇಕು ಅಂದ್ರೆ ನೀನೊಬ್ನೇ ಕುಡಿಯಪ್ಪಾ. ಕಲ್ಲು ನೀನು, ನಿನ್ ಲಿವರ್ ಕೆಡಲ್ಲ. ನನ್ ತಮ್ಮನ ಬಾಯಿಗೆ ಒಂದು ಹನಿ ಬೀಳಕೂಡದು. ಸಿಟ್ಟು ಬಂದ್ರೆ ನನ್ ಮನೆಗೆ ಬಾ, ಅವನ ಮನೆಗೆ ಹೋಗ್ಬೇಡ” ಅಂತ ಕೂಗಿಬಿಟ್ಟೆ. ಸೊಣ್ಣಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ಈಗ ಊರೆಲ್ಲ ಇದೇ ಮಾತು, ಮುನಿವೆಂಕಟಮ್ಮ ದೇವರ ಜೊತೆ ಜಗಳ ಕಾದಳು ಅಂತ. ಹೌದು ಕಾದೆ. ಮಾರನೆಯ ದಿನ ಹೋಗಿ ಅದೇ ದೇವರಿಗೆ ದೀಪವನ್ನೂ ಹಚ್ಚಿ ಬಂದೆ. ಜಗಳ ಅಂದ ಮಾತ್ರಕ್ಕೆ ನೆಂಟಸ್ತಿಕೆ ಹೋಗುತ್ತದೆಯೆ?

ಕವಿತ ಏನೂ ಹೇಳಿ ಕಳಿಸಿಲ್ಲ, ಆದರೆ ನಿನ್ನ ಅಂಗಿ ಒಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ. ಅಕ್ಷತ ನಮಸ್ಕಾರ ತಿಳಿಸಿದ್ದಾಳೆ. ಅಪ್ಪ ಬರುವ ದಿನ ಸ್ಕೂಲಿಗೆ ರಜ ಹಾಕುತ್ತೀಯಾ ಅಂತ ಕೇಳಿದ್ದಕ್ಕೆ, “ಕುಡೀದೆ ಬಂದ್ರೆ ಸಾಯಂಕಾಲ ಸಿಗ್ತಾರೆ. ಕುಡಿದು ಬಂದ್ರೆ ರಜ ವೇಸ್ಟು ಕಣತ್ತೇ” ಅಂದಳು.

ಮೈ ಕಡೆ ಜೋಪಾನ. ದೇವರು ನಿನಗೆ ಆಯಸ್ಸು ಕೊಡಲಿ. ನನ್ನ ಮೇಲಿನ ಕೋಪದಲ್ಲಿ ಕೊಡದೆ ಹೋದರೆ ನನ್ನ ಆಯಸ್ಸಿನಲ್ಲಿ ಕಿತ್ತು ಕೊಡಲಿ.

ಇಂತಿ ನಿನ್ನ ಅಕ್ಕ,
ಮುನಿವೆಂಕಟಮ್ಮ

ಮರೆತಿದ್ದೆ: ಟಪಾಲು ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಣ್ಣನ ಕಾರು ಹತ್ತಬೇಡ. ದೇವರ ತೀರ್ಥ ಅಂತ ಯಾರು ಕೊಟ್ಟರೂ ಬೇಡ ಅನ್ನು, ಪಾಪ ನನಗಿರಲಿ. ಆ ದಿನ ಬೆಳಿಗ್ಗೆಯೇ ನಾನು ಆಟೋ ತಗೊಂಡು ಗೇಟಿಗೆ ಬರುತ್ತೇನೆ, ಮೊದಲು ಡಾಕ್ಟರಮ್ಮನ ಹತ್ತಿರ, ಆಮೇಲೆ ಮನೆ. ಇನ್ನೊಂದು ಮಾತು, ಇದನ್ನು ಸಾಹೇಬರೂ ಓದಿಕೊಳ್ಳಲಿ. ನಿನ್ನ ಮಾತ್ರೆ, ಡಾಕ್ಟರ ಚೀಟಿ ಕೈಗೆ ಬರುವ ತನಕ ನೀನು ಹೊರಗೆ ಬರಬೇಡ. ಬಿಡುಗಡೆ ಆಗಿದೆ ನಡಿ ಅಂತ ತಳ್ಳಿದರೂ ಗೇಟಿನ ಒಳಗಡೆ ಕೂತುಬಿಡು. ನಾನು ಹೊರಗಡೆ ಕೂತಿರುತ್ತೇನೆ.